ಬಾದಾಮಿ ಮ್ಯೂಸಿಯಂ: ಜನ ಪದೇ ಪದೇ ಕೇಳುವ ಪ್ರಶ್ನೆಗಳು

ಬಾದಾಮಿಗೆ ಬಂದವರು ಗುಹೆ ಹತ್ತುತ್ತಾರೆ, ಅಗಸ್ತ್ಯತೀರ್ಥ ಕೆರೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಗಾಡಿ ಹತ್ತಿ ಪಟ್ಟದಕಲ್ಲಿಗೆ ಹೊರಟುಬಿಡುತ್ತಾರೆ. ಕೆರೆಯ ಆಚೆ ದಡದಲ್ಲಿ, ಉತ್ತರದ ಗುಡ್ಡದ ಬುಡದಲ್ಲಿ ಒಂದು ಮ್ಯೂಸಿಯಂ ಇದೆ ಅಂತ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಗೊತ್ತಿದ್ದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇವೆ. ಇದು ಪುರಾತತ್ವ ಇಲಾಖೆಯ ಪ್ರಕಟಣೆ ಅಲ್ಲ. ಈ ಊರಿನ ಕಲ್ಲುಗಳ ಹುಚ್ಚು ಹಿಡಿದವರು ಬರೆದದ್ದು. ಹಾಗಾಗಿ ನಡುನಡುವೆ ನಮ್ಮ ಅಭಿಪ್ರಾಯವೂ ಇರುತ್ತದೆ.

ಮ್ಯೂಸಿಯಂ ಎಲ್ಲಿದೆ? ಹೋಗೋದು ಹೇಗೆ?

ಬಸ್ ನಿಲ್ದಾಣದಿಂದ ನಡೆದೇ ಹೋಗಬಹುದು. ಹಳೇ ಊರಿನ ಸಣ್ಣ ಓಣಿಗಳಲ್ಲಿ ಕೇಳಿಕೊಂಡು ಹೋದರೆ ಕೆರೆಯ ಉತ್ತರ ದಡಕ್ಕೆ ಬರುತ್ತೀರಿ. ದೊಡ್ಡ ಕಾರು ಆ ಓಣಿಗಳಲ್ಲಿ ಕಷ್ಟ, ಹೊರಗೇ ನಿಲ್ಲಿಸಿ. ರೈಲಿನಲ್ಲಿ ಬರುವವರಿಗೆ ಒಂದು ಮಾತು: ಬಾದಾಮಿ ಸ್ಟೇಷನ್ ಊರಿನಿಂದ ಸುಮಾರು 5 ಕಿ.ಮೀ. ದೂರ ಇದೆ. ಆಟೊ, ಟಂಟಂ ಸಿಗುತ್ತವೆ.

ಯಾವಾಗ ತೆರೆದಿರುತ್ತದೆ? ಟಿಕೆಟ್ ಎಷ್ಟು?

ಬೆಳಿಗ್ಗೆ 9ರಿಂದ ಸಂಜೆ 5. ಶುಕ್ರವಾರ ರಜೆ. ಭಾನುವಾರ ಬಂದವರಿಗೆ ತೊಂದರೆ ಇಲ್ಲ, ಶುಕ್ರವಾರ ಬಂದವರು ಮಾತ್ರ ಗೇಟಿನ ಆಚೆ ನಿಂತು ನೋಡಿ ವಾಪಸ್ ಹೋಗಬೇಕು. ಟಿಕೆಟ್ 5 ರೂಪಾಯಿ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಗುಹೆಗಳ ಟಿಕೆಟ್ ಬೇರೆ, ಇದರದ್ದು ಬೇರೆ.

ಇದು ಯಾರದ್ದು? ಯಾವಾಗಿನದು?

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದ್ದು. 1979ರಲ್ಲಿ ಶುರುವಾದಾಗ ಇದು ಬರೀ ಶಿಲ್ಪಗಳನ್ನು ಇಡುವ ಶೆಡ್. ಬಾದಾಮಿ ಮತ್ತು ಸುತ್ತಮುತ್ತ ಸಿಕ್ಕ ಮೂರ್ತಿ, ಶಾಸನ, ಒಡೆದ ಕಂಬ, ಎಲ್ಲವನ್ನೂ ಮಳೆ-ಬಿಸಿಲಿನಿಂದ ಕಾಪಾಡಲು ಒಂದು ಸೂರು ಬೇಕಿತ್ತು. 1982ರಲ್ಲಿ ಅದೇ ಪೂರ್ತಿ ಮ್ಯೂಸಿಯಂ ಆಯಿತು. ಇಲ್ಲಿರುವ ವಸ್ತುಗಳಲ್ಲಿ ಹೆಚ್ಚಿನವು 6ರಿಂದ 16ನೇ ಶತಮಾನದವು. ಅವಕ್ಕಿಂತ ಸಾವಿರಾರು ವರ್ಷ ಹಳೆಯ ಕಲ್ಲಿನ ಉಪಕರಣಗಳೂ ಇವೆ, ಅವುಗಳ ಮಾತು ಮುಂದೆ ಬರುತ್ತದೆ.

ಮೊದಲು ಗುಹೆ ನೋಡಬೇಕಾ, ಮ್ಯೂಸಿಯಮ್ಮಾ?

ಮ್ಯೂಸಿಯಂ. ಇದು ನಮ್ಮ ಖಚಿತ ಅಭಿಪ್ರಾಯ.

ಕಾರಣ ಇಷ್ಟೇ. ಗುಹೆಯಲ್ಲಿ ಎಲ್ಲವೂ ದೊಡ್ಡದು. ಮೂರನೇ ಗುಹೆಯ ತ್ರಿವಿಕ್ರಮನ ಮುಂದೆ ನಿಂತರೆ ಕತ್ತೆತ್ತಿ ನೋಡಿ ಬಾಯಿ ಬಿಡುತ್ತೇವೆಯೇ ಹೊರತು, ಯಾವ ಕೈಯಲ್ಲಿ ಏನಿದೆ ಅಂತ ಗಮನಿಸುವುದಿಲ್ಲ. ಜೊತೆಗೆ ಹಿಂದಿನಿಂದ ಶಾಲೆ ಮಕ್ಕಳ ಸಾಲು ತಳ್ಳುತ್ತಿರುತ್ತದೆ. ಮ್ಯೂಸಿಯಂನಲ್ಲಿ ಅದೇ ಕಾಲದ ಶಿಲ್ಪ ನಿಮ್ಮ ಎದೆಮಟ್ಟದಲ್ಲಿ, ಒಂದು ಮಾರು ದೂರದಲ್ಲಿರುತ್ತದೆ. ಉಳಿ ಎಲ್ಲಿ ನಿಂತಿತು, ಎಲ್ಲಿ ಜಾರಿತು ಅನ್ನುವುದೂ ಕಾಣುತ್ತದೆ. ಇಲ್ಲಿ ಕಣ್ಣು ಪಳಗಿಸಿಕೊಂಡು ಹೋದರೆ ಗುಹೆಗಳು ಬೇರೆಯೇ ಥರ ಕಾಣುತ್ತವೆ.

ಇನ್ನೊಂದು ಅನುಕೂಲ: ಉತ್ತರದ ಕೋಟೆಗೆ ಹತ್ತುವ ಮೆಟ್ಟಿಲು ಮ್ಯೂಸಿಯಂ ಪಕ್ಕದಲ್ಲೇ ಶುರುವಾಗುತ್ತದೆ. ಬೆಳಿಗ್ಗೆ ಇಲ್ಲಿ ನೋಡಿಕೊಂಡು, ಬಂಡೆಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ ಹತ್ತಿ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ, ಕಣಜಗಳನ್ನು ನೋಡಬಹುದು. ಗುಹೆಗಳಿಗೆ ಮಧ್ಯಾಹ್ನ ಹೋಗಿ.

ಎಷ್ಟು ಹೊತ್ತು ಬೇಕು?

ಓಡಿಕೊಂಡು ನೋಡುವವರಿಗೆ ಇಪ್ಪತ್ತು ನಿಮಿಷ. ಫಲಕ ಓದಿಕೊಂಡು ನೋಡಿದರೆ ಒಂದು ಗಂಟೆ. ಶಾಸನದ ಮುಂದೆ ಕೂತುಬಿಡುವ ಜಾತಿಯವರಾದರೆ ಮನೆಯವರನ್ನು ಕೆರೆ ದಂಡೆಗೆ ಕಳಿಸಿಬಿಡಿ.

ಒಳಗೆ ಏನೇನಿದೆ?

ಬಾಗಿಲಲ್ಲೇ ನಂದಿ ಸಿಗುತ್ತಾನೆ. ಅಂಗಳದಲ್ಲೂ ಜಗುಲಿಯಲ್ಲೂ ಶಿಲ್ಪಗಳಿವೆ. ಒಳಗೆ ನಾಲ್ಕು ಕೋಣೆ. ಶಿವನ ನಾನಾ ರೂಪಗಳು, ಭೈರವ-ಭೈರವಿ, ಗಣಪತಿಗಳು, ವಿಷ್ಣುವಿನ ಮೂರ್ತಿಗಳು, ರಾಮಾಯಣ-ಮಹಾಭಾರತ-ಭಾಗವತದ ಕಥೆ ಹೇಳುವ ಪಟ್ಟಿಕೆಗಳು ಇವೆ. ಒಂದು ಕೋಣೆ ಇತಿಹಾಸಕ್ಕೂ ಹಿಂದಿನ ಕಾಲಕ್ಕೆ ಮೀಸಲು. ಅಲ್ಲಿ ಸಿಡಿಲಫಡಿ ಅನ್ನುವ ಕಲ್ಲಾಸರೆಯ ಮಾದರಿ ಮಾಡಿಟ್ಟಿದ್ದಾರೆ. ಶಾಸನಗಳು, ಗುಡಿಗಳ ಬಿಡಿ ಭಾಗಗಳೂ ಇವೆ.

ಸುಮ್ನೆ ಪಟ್ಟಿ ಓದಿದರೆ ಎಲ್ಲ ಮ್ಯೂಸಿಯಂನಲ್ಲೂ ಇರೋದೇ ಅನ್ನಿಸುತ್ತದೆ. ವ್ಯತ್ಯಾಸ ಇರುವುದು ಒಂದರಲ್ಲಿ: ಇಲ್ಲಿನ ವಸ್ತುಗಳು ದೂರದಿಂದ ಬಂದವಲ್ಲ. ಪ್ರತಿಯೊಂದರ ಊರೂ ಇಲ್ಲಿಂದ ಅರ್ಧ ದಿನದ ದಾರಿಯೊಳಗೆ ಬರುತ್ತದೆ. ಫಲಕದಲ್ಲಿ ಸಿಕ್ಕ ಜಾಗದ ಹೆಸರು ಇದ್ದರೆ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಆ ಜಾಗಕ್ಕೆ ಹೋಗಿ ನೋಡಿ. ಬಾದಾಮಿ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಪ್ಲಾನ್ ನಮಗೆ ಗೊತ್ತಿಲ್ಲ.

ಪುಲಕೇಶಿಯ ಕತ್ತಿ, ಕಿರೀಟ, ಸಿಂಹಾಸನ ಇದೆಯಾ?

ಇಲ್ಲ. ಮಕ್ಕಳು ಮೊದಲು ಕೇಳುವ ಪ್ರಶ್ನೆಯೇ ಇದು, ದೊಡ್ಡವರು ಸ್ವಲ್ಪ ನಾಚಿಕೊಂಡು ಕೇಳುತ್ತಾರೆ.

ಚಾಲುಕ್ಯ ಅರಸರು ನಮಗೆ ಬಿಟ್ಟುಹೋದದ್ದು ಕಲ್ಲು ಮತ್ತು ಅಕ್ಷರ. ಮೊದಲನೇ ಪುಲಕೇಶಿ ಈ ಗುಡ್ಡದ ಮೇಲೆ ಕೋಟೆ ಕಟ್ಟಿಸಿದ್ದನ್ನು ಹೇಳುವ ಶಾಸನ ಇದೇ ಉತ್ತರದ ಗುಡ್ಡದ ಬಂಡೆಯ ಮೇಲಿದೆ. ಶಕ ವರ್ಷ 465, ಅಂದರೆ ಕ್ರಿ.ಶ. 543. ಇಮ್ಮಡಿ ಪುಲಕೇಶಿಯನ್ನು ಹೊಗಳುವ ದೊಡ್ಡ ಪ್ರಶಸ್ತಿ ಶಾಸನ, ಕವಿ ರವಿಕೀರ್ತಿ ಬರೆದದ್ದು, ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿದೆ. ಅದರ ಕಾಲ 634. ಹರ್ಷನನ್ನು ಸೋಲಿಸಿದ ಮಾತು ಬರುವುದು ಅದರಲ್ಲೇ. ಚಾಲುಕ್ಯ ಅರಸ ಮಂಗಳೇಶನ ಮಹಾಕೂಟದ ಕಂಬಶಾಸನವನ್ನು ಹುಡುಕಿಕೊಂಡು ಇಲ್ಲಿಗೆ ಬರುವವರಿದ್ದಾರೆ. ಅದು ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ.

ತಲೆಯ ಜಾಗದಲ್ಲಿ ಕಮಲ ಇರುವ ಆ ದೇವಿ ಯಾರು?

ಲಜ್ಜಾಗೌರಿ. ಈ ಮ್ಯೂಸಿಯಂಗೆ ಬೇರೆ ದೇಶದ ವಿದ್ವಾಂಸರೂ ಬರುವಂತೆ ಮಾಡಿದ ಮೂರ್ತಿ ಇದು. ಬಾದಾಮಿ ಮತ್ತು ಪಟ್ಟದಕಲ್ಲಿನ ನಡುವಿನ ಕುರುಚಲು ಕಾಡಿನಲ್ಲಿ ನಾಗನಾಥಕೊಳ್ಳ ಅಂತ ಜಾಗ ಇದೆ. ಅಲ್ಲಿನ ನಾಗನಾಥ ಗುಡಿಯಿಂದ ತಂದದ್ದು. ಚಾಲುಕ್ಯರ ಕಾಲದ್ದು.

ಹತ್ತಿರ ನಿಂತು ನೋಡಿ. ಕುತ್ತಿಗೆಯ ಮೇಲೆ ಮುಖ ಇಲ್ಲ, ಅರಳಿದ ಕಮಲ ಇದೆ. ಮೊಣಕೈ ಮಡಚಿ ಎರಡೂ ಕೈ ಮೇಲೆತ್ತಿದ್ದಾಳೆ, ಕೈಯಲ್ಲಿ ಕಮಲದ ಮೊಗ್ಗು. ಕಾಲು ಮಡಚಿ ಎರಡು ಕಡೆ ಚಾಚಿದ್ದಾಳೆ, ಹೆರಿಗೆಯ ಹೊತ್ತಿನ ಭಂಗಿ. ಮೈಮೇಲೆ ಬಟ್ಟೆ ಇಲ್ಲ, ಆದರೆ ಒಡವೆ ಇದೆ: ಕೊರಳ ಹಾರ, ಬಳೆ, ಸೊಂಟದ ಪಟ್ಟಿ, ಕಾಲ್ಕಡಗ. ಶಿಲ್ಪಿ ಒಡವೆಗಳನ್ನು ಎಷ್ಟು ಮುತುವರ್ಜಿಯಿಂದ ಬಿಡಿಸಿದ್ದಾನೆ ನೋಡಿ. ಪಾದದ ಬೆರಳುಗಳನ್ನೂ ನೋಡಿ. ಅವು ನೆಟ್ಟಗಿಲ್ಲ, ನೋವು ತಡೆದುಕೊಳ್ಳುವಾಗ ಬಿಗಿಹಿಡಿದ ಹಾಗಿವೆ ಅಂತ ನಮಗೆ ಅನ್ನಿಸುತ್ತದೆ.

ಇದು ಬಾದಾಮಿಗೆ ಮಾತ್ರ ಸೇರಿದ ದೇವಿ ಅಲ್ಲ. ಮಹಾರಾಷ್ಟ್ರದ ತೇರ್‌ನಲ್ಲಿ ಸಣ್ಣ ಸಣ್ಣ ರೂಪಗಳು ಸಿಕ್ಕಿವೆ. ಆಂಧ್ರದ ನಾಗಾರ್ಜುನಕೊಂಡದಲ್ಲಿ ಅಲ್ಲಿ ಆಳಿದ ಇಕ್ಷ್ವಾಕು ವಂಶದ ರಾಣಿಯೊಬ್ಬಳು ಮಾಡಿಸಿದ್ದು ಸಿಕ್ಕಿದೆ. ಆಲಂಪುರದಲ್ಲೂ ಇದೆ. ದಖ್ಖನ್ನಿನ ಉದ್ದಗಲಕ್ಕೂ ಹೆಂಗಸರು ಮಕ್ಕಳಾಗಲಿ, ಹೊಲ ಬೆಳೆಯಲಿ ಅಂತ ಕೈಮುಗಿದ ದೇವಿ ಇವಳು.

ಈಗಲೂ ಕೈಮುಗಿಯುತ್ತಾರೆ. ಐಹೊಳೆ ಹತ್ತಿರದ ಸಿದ್ದನಕೊಳ್ಳಕ್ಕೆ ಹೋದರೆ ಅಲ್ಲಿ ಒಬ್ಬ ಲಜ್ಜಾಗೌರಿ ಇದ್ದಾಳೆ, ಅರಿಸಿನ ಕುಂಕುಮ ಎಣ್ಣೆ ಎಲ್ಲ ಹಚ್ಚಿಸಿಕೊಂಡು. ಮಕ್ಕಳಿಲ್ಲದವರು ಹರಕೆ ಹೊರುತ್ತಾರೆ. ಮ್ಯೂಸಿಯಂನ ಶುಭ್ರವಾದ ಕಲ್ಲು ಒಂದು ಕಡೆ, ಕೊಳ್ಳದ ಎಣ್ಣೆಗಪ್ಪಿನ ಕಲ್ಲು ಇನ್ನೊಂದು ಕಡೆ. ಎರಡನ್ನೂ ಒಂದೇ ದಿನ ನೋಡಿದರೆ ಇವಳು ಅರ್ಥವಾದಾಳು.

ಮಕ್ಕಳ ಜೊತೆ ಹೋದರೆ ಆ ಮೂರ್ತಿ ಮುಂದೆ ಮುಜುಗರ ಆಗಲ್ವಾ?

ಮುಜುಗರ ಆಗುವುದು ದೊಡ್ಡವರಿಗೆ. ಮಕ್ಕಳು ಕೇಳುವುದು "ತಲೆ ಎಲ್ಲಿ ಹೋಯ್ತು?" ಅಂತ. "ಪಾಪು ಹುಟ್ಟಿಸುವ ದೇವಿ, ತಲೆ ಬದಲು ಹೂವು ಇಟ್ಟಿದ್ದಾರೆ" ಅಂದರೆ ಸಾಕು, ಮುಂದಿನ ಮೂರ್ತಿಗೆ ಓಡುತ್ತಾರೆ. ಶಿಕ್ಷಕರು ಮಕ್ಕಳನ್ನು ಆ ಮೂಲೆಯಿಂದ ಬೇಗ ಬೇಗ ದಾಟಿಸುವುದನ್ನು ನೋಡಿದಾಗ ಬೇಜಾರಾಗುತ್ತದೆ. ದಾಟಿಸಿದಷ್ಟೂ ಹಿಂದಿನ ಬೆಂಚಿನವರ ಕಿಸಿಕಿಸಿ ಜಾಸ್ತಿ.

"ವಾತಾಪಿ ಗಣಪತಿಂ ಭಜೇ" ಹಾಡಿನ ಗಣಪತಿ ಇಲ್ಲಿದ್ದಾನಾ?

ಈ ಪ್ರಶ್ನೆ ಬಾರದ ದಿನವೇ ಇಲ್ಲ. ಇಲ್ಲಿ ಗಣಪತಿ ಮೂರ್ತಿಗಳಿವೆ. ಆದರೆ ಹಾಡಿನ ಗಣಪತಿ ತಮಿಳುನಾಡಿನ ತಿರುಚೆಂಗಾಟ್ಟಂಗುಡಿಯ ಗುಡಿಯಲ್ಲಿದ್ದಾನೆ ಅಂತ ಅಲ್ಲಿನವರ ನಂಬಿಕೆ. ಪಲ್ಲವ ನರಸಿಂಹವರ್ಮ 642ರ ಹೊತ್ತಿಗೆ ಬಾದಾಮಿ ಗೆದ್ದ. ಅವನ ಸೇನಾಪತಿ ಪರಂಜ್ಯೋತಿ ಇಲ್ಲಿಂದ ಗಣಪತಿಯನ್ನು ಹೊತ್ತುಕೊಂಡು ಹೋದ ಅನ್ನುವುದು ಕಥೆ. ಬಾದಾಮಿ ಗೆದ್ದದ್ದಕ್ಕೆ ಪಲ್ಲವರ ಶಾಸನ ಇದೇ ಊರಿನ ಬಂಡೆಯ ಮೇಲೆ ಇದೆ. ಗಣಪತಿಯನ್ನು ಒಯ್ದದ್ದಕ್ಕೆ ಆ ಕಾಲದ ಸಾಕ್ಷಿ ಇಲ್ಲ. ಹಂಸಧ್ವನಿ ರಾಗದ ಆ ಕೃತಿ ರಚಿಸಿದ ಮುತ್ತುಸ್ವಾಮಿ ದೀಕ್ಷಿತರು ಬದುಕಿದ್ದು 1775ರಿಂದ 1835. ಯುದ್ಧಕ್ಕೂ ಹಾಡಿಗೂ ನಡುವೆ ಸಾವಿರದ ನೂರಕ್ಕೂ ಹೆಚ್ಚು ವರ್ಷ.

ಹಾಡು ಕೇಳಿಕೊಂಡು ಬಂದವರು ಬೇಜಾರು ಮಾಡಿಕೊಳ್ಳಬೇಡಿ. ಮೊದಲನೇ ಗುಹೆಯಲ್ಲಿ ಹದಿನೆಂಟು ಕೈಯ ನಟರಾಜನ ಪಕ್ಕ ಒಬ್ಬ ಪುಟ್ಟ ಗಣಪತಿ ನಿಂತಿದ್ದಾನೆ. ಅವನನ್ನು ಯಾರೂ ಒಯ್ದಿಲ್ಲ.

ಯಾವ ಮೂರ್ತಿ ಯಾರದ್ದು ಅಂತ ಗೊತ್ತಾಗಲ್ಲ. ಏನು ಮಾಡಲಿ?

ಮುಖ ನೋಡಬೇಡಿ, ಕೈ ನೋಡಿ. ಶಂಖ, ಚಕ್ರ ಕಂಡರೆ ವಿಷ್ಣು. ತ್ರಿಶೂಲ, ಹಾವು, ಡಮರು ಕಂಡರೆ ಶಿವ. ಕೈ ಮುರಿದಿದ್ದರೆ ಕಾಲ ಬಳಿ ನೋಡಿ, ವಾಹನ ಇರಬಹುದು. ಕಾಲ ಕೆಳಗೆ ಯಾರಾದರೂ ಬಿದ್ದಿದ್ದರೆ ಅಲ್ಲೊಂದು ಕಥೆ ಇದೆ ಅಂತ ಅರ್ಥ.

ಉದಾಹರಣೆಗೆ ಕಾಲಾರಿ. ಮಾರ್ಕಂಡೇಯ ಹುಡುಗ ಲಿಂಗ ತಬ್ಬಿಕೊಂಡಿದ್ದಾಗ ಯಮ ಪಾಶ ಎಸೆಯುತ್ತಾನೆ, ಶಿವ ಬಂದು ಯಮನನ್ನೇ ಒದೆಯುತ್ತಾನೆ. ಶಿಲ್ಪದಲ್ಲಿ ಒದೆಯುವ ಕಾಲು, ಬೀಳುವ ಯಮ ಸಿಕ್ಕಿದರೆ ಸಾಕು. ತ್ರಿಪುರಾಂತಕ ಇನ್ನೂ ಸುಲಭ. ಶಿವನ ಕೈಯಲ್ಲಿ ಬಿಲ್ಲು ಇರುತ್ತದೆ. ಮೂರು ಪುರಗಳನ್ನು ಒಂದೇ ಬಾಣದಿಂದ ಸುಟ್ಟ ಕಥೆ. ಇಬ್ಬರನ್ನೂ ಇಲ್ಲಿ ಹುಡುಕಿ, ಸಿಗುತ್ತಾರೆ.

ಎರಡೂ ಕಡೆ ಕೆತ್ತಿದ ಒಂದು ಕಮಾನು ಇದೆಯಲ್ಲ, ಅದೇನು?

ಮಕರ ತೋರಣ. ಹೆಚ್ಚಿನವರು ಮುಂದಿನಿಂದ ನೋಡಿ ಹೋಗಿಬಿಡುತ್ತಾರೆ. ದಯವಿಟ್ಟು ಸುತ್ತು ಹಾಕಿ ಹಿಂದಿನಿಂದಲೂ ನೋಡಿ. ಗೋಡೆಗೆ ಅಂಟಿಸುವ ಕಲ್ಲಾಗಿದ್ದರೆ ಹಿಂಬದಿಯನ್ನು ಯಾರೂ ಇಷ್ಟು ಕಷ್ಟಪಟ್ಟು ಕೆತ್ತುತ್ತಿರಲಿಲ್ಲ. ಬರುವವರಿಗೂ ಕಾಣಬೇಕು, ಹೋಗುವವರಿಗೂ ಕಾಣಬೇಕು, ಅಂಥ ಜಾಗದಲ್ಲಿ ನಿಲ್ಲಿಸಲು ಮಾಡಿದ್ದು. ಮಕರ ಅಂದರೆ ಮೊಸಳೆ ಬಾಯಿ, ಆನೆ ಸೊಂಡಿಲು, ನವಿಲಿನ ಹಾಗೆ ಸುರುಳಿ ಬಾಲ ಸೇರಿಸಿ ಮಾಡಿದ ಪ್ರಾಣಿ. ಅದರ ಬಾಯಿಂದ ಹೊರಡುವ ಬಳ್ಳಿಯನ್ನು ಬೆರಳಿನಿಂದ ಗಾಳಿಯಲ್ಲೇ ಹಿಂಬಾಲಿಸಿ. ಕಲ್ಲು ಮುಟ್ಟಬೇಡಿ.

ವೀರಗಲ್ಲು ಓದೋದು ಹೇಗೆ?

ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ. ಊರಿನ ದನ ಹೊಡೆದುಕೊಂಡು ಹೋದವರ ಜೊತೆಗಿನ ಹೋರಾಟವಾಗಿದ್ದರೆ ದನಗಳೂ ಕಾಣುತ್ತವೆ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ ಚಂದ್ರ, ಅವರಿರುವ ತನಕ ಇವನ ಹೆಸರು ಇರಲಿ ಅಂತ. ಬಳೆ ತೊಟ್ಟ ಕೈಯೊಂದು ನೆಟ್ಟಗೆ ಎದ್ದಿದ್ದರೆ ಅದು ಮಾಸ್ತಿಗಲ್ಲು, ಗಂಡನ ಜೊತೆ ಸತ್ತ ಹೆಂಗಸಿನ ಕಲ್ಲು.

ರಾಜರ ಶಾಸನದಲ್ಲಿ ರಾಜನ ಬಿರುದು ಸಿಗುತ್ತದೆ. ದನ ಕಾಯಲು ಹೋಗಿ ಸತ್ತವನ ಸುದ್ದಿ ಸಿಗುವುದು ಈ ಕಲ್ಲುಗಳಲ್ಲೇ. ನಮ್ಮನ್ನು ಕೇಳಿದರೆ ದೇವರ ಮೂರ್ತಿಗಳಷ್ಟೇ ಹೊತ್ತು ಇವುಗಳ ಮುಂದೆಯೂ ನಿಲ್ಲಬೇಕು.

ಶಾಸನ ಕನ್ನಡದಲ್ಲಿದೆ ಅಂತಾರೆ, ಒಂದಕ್ಷರವೂ ಓದೋಕೆ ಬರಲ್ಲ!

ಬರದಿದ್ದರೆ ತಪ್ಪೇನಿಲ್ಲ. ಆಗಿನ ಲಿಪಿ ಬೇರೆ, ಮಾತೂ ಬೇರೆ. ಎಷ್ಟೋ ಶಾಸನಗಳ ಲಿಪಿ ಹಳೆಗನ್ನಡದ್ದು, ಭಾಷೆ ಸಂಸ್ಕೃತ. ಆದರೂ ಒಂದು ಆಟ ಆಡಬಹುದು. ರ, ಗ, ನ, ಮ ಮುಂತಾದ ಅಕ್ಷರಗಳನ್ನು ಹುಡುಕುತ್ತಾ ಹೋಗಿ. ಒಂದೆರಡು ಸಿಕ್ಕ ಮೇಲೆ ಬಿಡಲು ಮನಸ್ಸಾಗುವುದಿಲ್ಲ. 11-12ನೇ ಶತಮಾನದ ಕಲ್ಲುಗಳಲ್ಲಿ ಅಕ್ಷರಗಳು ದುಂಡಗಾಗಿ, ನಮ್ಮ ಈಗಿನ ಅಕ್ಷರಕ್ಕೆ ಹತ್ತಿರ ಬಂದಿರುತ್ತವೆ. ಅಲ್ಲಿಂದ ಶುರು ಮಾಡಿ.

ಗುಹೆಗೆ ಹೋದಾಗ ಮೂರನೇ ಗುಹೆಯಲ್ಲಿ ಮಂಗಳೇಶನ ಶಾಸನ ನೋಡಿ. ಶಕ 500, ಅಂದರೆ 578. ಅಲ್ಲೇ ಒಂದು ಚಿಕ್ಕ ಕನ್ನಡ ಶಾಸನವೂ ಇದೆ, ಲಂಜಿಗೇಸರ ಅನ್ನುವ ಊರನ್ನು ದೇವರಿಗೆ ಬಿಟ್ಟುಕೊಟ್ಟದ್ದು. ಕೆತ್ತಿದವರ ಹೆಸರುಗಳೂ ಗುಹೆಗಳಲ್ಲಿ ಅಲ್ಲಲ್ಲಿ ಇವೆ. ಕೊಲಿಮಂಚಿ, ಸಿಂಗಿಮಂಚಿ ಅಂತ.

ಕಪ್ಪೆ ಅರಭಟ್ಟನ ಶಾಸನ ಮ್ಯೂಸಿಯಂ ಒಳಗಿದೆಯಾ?

ಒಳಗಿಲ್ಲ. ಕೆರೆಯ ಈಶಾನ್ಯ ದಿಕ್ಕಿನ ಬಂಡೆಗೋಡೆಯ ಮೇಲೆ, ಬಯಲಲ್ಲೇ ಇದೆ. ಕ್ರಿ.ಶ. 700ರ ಆಸುಪಾಸಿನದು. ನಮಗೆ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಇದರಲ್ಲೇ ಇವೆ.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಶಾಲೆಯಲ್ಲಿ ಬಾಯಿಪಾಠ ಮಾಡಿದವರಿಗೆ ಅದನ್ನು ಬಂಡೆಯ ಮೇಲೆ ನೋಡಿದಾಗ ಮೈ ಜುಂ ಅನ್ನದೆ ಇರದು. ಎತ್ತರದಲ್ಲಿದೆ, ಹಾಗಾಗಿ ಒಂದು ಬೈನಾಕ್ಯುಲರ್ ಇದ್ದರೆ ಒಳ್ಳೆಯದು. ಬೆಳಕು ಓರೆಯಾಗಿ ಬೀಳುವ ಹೊತ್ತಲ್ಲಿ ಅಕ್ಷರ ಚೆನ್ನಾಗಿ ಕಾಣುತ್ತದೆ.

ಗಾಜಿನ ಪೆಟ್ಟಿಗೆಯಲ್ಲಿ "ಕೈಕೊಡಲಿ" ಅಂತ ಇಟ್ಟಿರೋದು ಸುಮ್ನೆ ಕಲ್ಲಲ್ವಾ?

ಮೇಲ್ನೋಟಕ್ಕೆ ಹಾಗೇ ಕಾಣುತ್ತದೆ. ಅಂಚನ್ನು ನೋಡಿ. ಹೊಳೆಯಲ್ಲಿ ಉರುಳಿದ ಕಲ್ಲು ದುಂಡಗೆ, ನುಣ್ಣಗೆ ಇರುತ್ತದೆ. ಒಡೆದು ಬಿದ್ದ ಕಲ್ಲು ಹೇಗೆಂದರೆ ಹಾಗೆ ಒಡೆದಿರುತ್ತದೆ. ಕೈಕೊಡಲಿಯಲ್ಲಿ ಎರಡೂ ಮುಖದಿಂದ ಚಕ್ಕೆ ಎಬ್ಬಿಸಿದ ತಗ್ಗುಗಳು ಸಾಲಾಗಿ ಇರುತ್ತವೆ. ಎರಡೂ ಕಡೆಯ ತಗ್ಗು ಸೇರುವ ಕಡೆ ಅಲೆಯಂಥ ಅಂಚು. ಒಂದು ತುದಿ ಚೂಪು, ಇನ್ನೊಂದು ತುದಿ ಅಂಗೈಗೆ ಕೂರುವಷ್ಟು ದಪ್ಪ. ಒಂದೇ ಆಕಾರ ಮತ್ತೆ ಮತ್ತೆ ಸಿಗುತ್ತದೆ. ಆಕಸ್ಮಿಕ ಆಗಿದ್ದರೆ ಹಾಗೆ ಸಿಗುತ್ತಿರಲಿಲ್ಲ.

ಮಲಪ್ರಭೆಯ ದಂಡೆ ಇಂಥ ಕಲ್ಲುಗಳಿಗೆ ಹೆಸರುವಾಸಿ. ಭಾರತದಲ್ಲಿ ಹಳೆ ಶಿಲಾಯುಗದ ಉಪಕರಣವನ್ನು 1863ರಲ್ಲಿ ಮೊದಲು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಆಮೇಲೆ ಈ ಭಾಗದಲ್ಲೂ ತಿರುಗಾಡಿದ್ದರು. ಬಾದಾಮಿ ತಾಲ್ಲೂಕಿನ ಖ್ಯಾಡದಲ್ಲಿ ಹೊಳೆ ದಂಡೆಯ ಜಲ್ಲಿಯ ಪದರದಲ್ಲಿ ಬೆಣಚುಗಲ್ಲಿನ ಕೈಕೊಡಲಿಗಳು ಸಿಕ್ಕಿವೆ. ಪುಲಕೇಶಿ ಬರುವ ಹೊತ್ತಿಗೆ ಈ ನದಿ ಬಯಲಲ್ಲಿ ಜನ ಲಕ್ಷಾಂತರ ವರ್ಷ ಬಾಳಿ ಹೋಗಿದ್ದರು. ಚಾಲುಕ್ಯರಿಂದಲೇ ಬಾದಾಮಿಯ ಕಥೆ ಶುರು ಅಂತ ಹೇಳುವ ಗೈಡ್‌ಗಳಿಗೆ ಈ ಕೋಣೆ ತೋರಿಸಬೇಕು.

ಸಿಡಿಲಫಡಿ ಮಾದರಿ ನೋಡಿದ್ವಿ. ನಿಜವಾದದ್ದಕ್ಕೆ ಹೋಗಬಹುದಾ?

ಹೋಗಬಹುದು. ಊರಿನಿಂದ ಸುಮಾರು 4 ಕಿ.ಮೀ., ಗುಡ್ಡದ ಮೇಲೆ, ಕುರುಚಲು ಕಾಡಿನ ಕಾಲುದಾರಿ. ಎರಡು ದೊಡ್ಡ ಬಂಡೆಗಳ ನಡುವೆ ಸೇತುವೆಯ ಹಾಗೆ ಚಾಚಿದ ಅಗಲವಾದ ಕಲ್ಲಿನ ಕಮಾನು. ಚಾವಣಿಯಲ್ಲಿ ತೂತುಗಳಿವೆ, ಸಿಡಿಲು ಹೊಡೆದು ಆದವು ಅಂತ ಊರವರ ಮಾತು. ಅದರ ಕೆಳಗೆ ಹಿಂದಿನ ಜನ ಆಸರೆ ಪಡೆದಿದ್ದರು, ಕೆಂಪು ಬಣ್ಣದಲ್ಲಿ ಚಿತ್ರ ಬರೆದಿದ್ದರು.

ದಾರಿ ಗೊತ್ತಿರುವ ಊರಿನವರೊಬ್ಬರನ್ನು ಕರೆದುಕೊಂಡು ಹೋಗಿ. ಬೋರ್ಡು ನಂಬಿಕೊಂಡು ಹೊರಟರೆ ದಾರಿ ತಪ್ಪುವುದು ಗ್ಯಾರಂಟಿ. ಒಬ್ಬರಿಗೆ ಎರಡು ಲೀಟರ್ ನೀರು ಇರಲಿ. ಮಾರ್ಚ್‌ನಿಂದ ಮೇ ತನಕ ಬೇಡವೇ ಬೇಡ, ಕಲ್ಲು ಕಾದು ಕೆಳಗಿನಿಂದಲೂ ಸುಡುತ್ತದೆ.

ಮತ್ತೆ ಒಂದು ವಿನಂತಿ. ಚಿತ್ರ ಎದ್ದು ಕಾಣಲಿ ಅಂತ ಬಾಟಲಿಯಿಂದ ನೀರು ಚೆಲ್ಲಬೇಡಿ. ಸೀಮೆಸುಣ್ಣದಿಂದ ಗೆರೆ ಎಳೆಯಬೇಡಿ. ಪಕ್ಕದಲ್ಲಿ ನಿಮ್ಮ ಹೆಸರು, ಹೃದಯದ ಚಿತ್ರ ಅಂತೂ ಬೇಡವೇ ಬೇಡ. ಸಾವಿರಾರು ವರ್ಷ ಉಳಿದ ಬಣ್ಣ ಹೋಗಲು ಒಂದು ಪಿಕ್‌ನಿಕ್ ಸಾಕು.

ಇಲ್ಲಿನ ಕಲ್ಲು ಯಾಕೆ ಇಷ್ಟು ಕೆಂಪು?

ಮರಳುಗಲ್ಲು. ಮರಳಿನ ಕಣಗಳನ್ನು ಹಿಡಿದಿಟ್ಟ ಅಂಟಿನಲ್ಲಿ ಕಬ್ಬಿಣದ ಅಂಶ ಇದೆ, ಅದು ತುಕ್ಕು ಹಿಡಿದ ಬಣ್ಣ. ಭೂವಿಜ್ಞಾನಿಗಳು ಇದನ್ನು ಕಲಾದಗಿ ಶಿಲಾಸಮೂಹದ ಮೇಲಿನ ಭಾಗ ಅನ್ನುತ್ತಾರೆ. ಈ ಪದರಗಳು ಬಿದ್ದಾಗ ಭೂಮಿಯ ಮೇಲೆ ಪ್ರಾಣಿ, ಗಿಡಮರ ಯಾವುದೂ ಇರಲಿಲ್ಲ. 54 ಕೋಟಿ ವರ್ಷಕ್ಕಿಂತ ಹಳೆಯ ಮರಳು ಇದು. ಹಾಗಾಗಿ ಇಲ್ಲಿ ಡೈನೊಸಾರ್ ಮೂಳೆ ಹುಡುಕಬೇಡಿ.

ಮೂಳೆ ಸಿಗದಿದ್ದರೂ ನೀರಿನ ಗುರುತು ಸಿಗುತ್ತದೆ. ಕೋಟೆ ಹತ್ತುವಾಗ ಬಂಡೆಯ ಮೈಮೇಲೆ ಸಾಲು ಸಾಲು ಏರಿಳಿತ ಕಂಡರೆ ನಿಲ್ಲಿ. ಆಳವಿಲ್ಲದ ನೀರು ಮರಳಿನ ಮೇಲೆ ಆಡಿ ಬಿಟ್ಟ ಅಲೆಗುರುತು ಅದು, ಹಾಗೇ ಕಲ್ಲಾಗಿದೆ. ಬಂಡೆಯ ಪಕ್ಕದಲ್ಲಿ ಓರೆಯಾಗಿ ಹೋಗುವ ಗೆರೆಗಳೂ ಮರಳು ಹರಿದು ಬಿದ್ದ ದಿಕ್ಕನ್ನೇ ಹೇಳುತ್ತವೆ. ಮ್ಯೂಸಿಯಂ ಹಿಂದಿನ ಇಕ್ಕಟ್ಟು ಕಣಿವೆಗಳು ಬಂಡೆ ನೆಟ್ಟಗೆ ಸೀಳಿದ ಕಡೆ ಆದವು.

ಇದೇ ಕಲ್ಲಿನಿಂದಾಗಿ ಬಾದಾಮಿ ಶಿಲ್ಪಗಳು ಹೀಗಿವೆ. ಉಳಿಗೆ ಬೇಗ ಬಗ್ಗುವ ಕಲ್ಲು, ದೊಡ್ಡ ದೊಡ್ಡ ಮೂರ್ತಿ ಬೇಗ ಎಬ್ಬಿಸಬಹುದು. ಹಳೇಬೀಡಿನ ಬಳಪದ ಕಲ್ಲಿನ ಹಾಗೆ ಕೂದಲೆಳೆ ಕೆಲಸ ಮಾಡಲು ಹೋದರೆ ಚಕ್ಕೆ ಎದ್ದುಬರುತ್ತದೆ. ಹಳೇಬೀಡು ನೋಡಿ ಬಂದವರು "ಇಲ್ಲಿ ಅಷ್ಟು ಡೀಟೇಲ್ ಇಲ್ಲ" ಅಂತ ಗೊಣಗುತ್ತಾರೆ. ಕಲ್ಲೇ ಬೇರೆ, ಕಾಲವೂ ಐನೂರು ವರ್ಷ ಹಿಂದಿನದು.

ದೇವರ ಮೂರ್ತಿಗಳಿಗೆ ಇಲ್ಲಿ ಪೂಜೆ ಯಾಕಿಲ್ಲ? ಕುಂಕುಮ ಹಚ್ಚಬಹುದಾ?

ಹಚ್ಚಬೇಡಿ. ಎಣ್ಣೆ, ಕುಂಕುಮ, ಬೆಣ್ಣೆ ಯಾವುದೂ ಮರಳುಗಲ್ಲಿಗೆ ಆಗಿಬರುವುದಿಲ್ಲ. ಕಲ್ಲು ಹೀರಿಕೊಳ್ಳುತ್ತದೆ, ಮೇಲಿನ ಪದರ ಹಾಳಾಗುತ್ತದೆ.

ಮುಕ್ಕಾದ ಮೂರ್ತಿಗೆ ಪೂಜೆ ನಿಲ್ಲಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಅಂಥವನ್ನು ಬಾವಿಗೋ ಕೆರೆಗೋ ಬಿಡುತ್ತಿದ್ದರು, ಇಲ್ಲಾ ಗುಡಿಯ ಹಿಂದೆ ಇಡುತ್ತಿದ್ದರು. ಇಲ್ಲಿ ಮೂಗು, ಕೈ ಮುರಿದ ಮೂರ್ತಿಗಳೇ ಜಾಸ್ತಿ ಕಾಣುವುದಕ್ಕೆ ಅದೂ ಒಂದು ಕಾರಣ. ಮನಸ್ಸಿನಲ್ಲೇ ಕೈಮುಗಿಯಲು ಯಾರ ಅಡ್ಡಿಯೂ ಇಲ್ಲ. ಎಷ್ಟೋ ಅಜ್ಜಿಯರು ಹಾಗೇ ಮಾಡುತ್ತಾರೆ.

ನಮ್ಮ ಹೊಲದಲ್ಲಿ ಹಳೆ ಮೂರ್ತಿ, ಅಕ್ಷರದ ಕಲ್ಲು ಸಿಕ್ಕಿದೆ. ಏನು ಮಾಡಬೇಕು?

ಸುತ್ತಲಿನ ಹಳ್ಳಿಗಳಿಂದ ಬರುವ ಪ್ರಶ್ನೆ ಇದು, ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ಮೊದಲು, ಅಲ್ಲಾಡಿಸಬೇಡಿ. ಕಲ್ಲು ಎಲ್ಲಿ, ಯಾವ ಆಳದಲ್ಲಿ, ಯಾವುದರ ಪಕ್ಕ ಇತ್ತು ಅನ್ನುವುದರಲ್ಲೇ ಅರ್ಧ ವಿಷಯ ಇರುತ್ತದೆ. ಇದ್ದ ಹಾಗೇ ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಚಪ್ಪಲಿಯನ್ನೋ ಕುಡುಗೋಲನ್ನೋ ಇಟ್ಟರೆ ಗಾತ್ರ ಗೊತ್ತಾಗುತ್ತದೆ. ತಂತಿ ಬ್ರಷ್, ಸೋಪು, ಆಸಿಡ್ ಮುಟ್ಟಿಸಬೇಡಿ. ಅಕ್ಷರ ಕಾಣಲಿ ಅಂತ ಸುಣ್ಣ ಅಥವಾ ಪೇಂಟ್ ತುಂಬಬೇಡಿ. ಗ್ರಾಮ ಆಡಳಿತ ಅಧಿಕಾರಿಗೆ (ಹಿಂದೆ ಗ್ರಾಮ ಲೆಕ್ಕಾಧಿಕಾರಿ ಅನ್ನುತ್ತಿದ್ದರು) ಅಥವಾ ತಹಶೀಲ್ದಾರ್ ಕಚೇರಿಗೆ ತಿಳಿಸಿ, ಜೊತೆಗೆ ಪುರಾತತ್ವ ಇಲಾಖೆಗೂ.

ಕಾನೂನು ಸ್ವಲ್ಪ ಗೊತ್ತಿರಲಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಶಾಸನ, ನಾಣ್ಯ ಎಲ್ಲ ಪುರಾವಸ್ತು. ಕೈಬರಹದ ಹಳೆ ಪುಸ್ತಕವಾದರೆ 75 ವರ್ಷ. ಲೈಸೆನ್ಸ್ ಇಲ್ಲದೆ ಇವುಗಳ ವ್ಯಾಪಾರ ಮಾಡುವಂತಿಲ್ಲ. ಖಾಸಗಿಯವರು ದೇಶದ ಹೊರಗೆ ಕಳಿಸುವಂತೆಯೇ ಇಲ್ಲ. ನೆಲದಲ್ಲಿ ಹೂತ ಬಂಗಾರ, ನಾಣ್ಯದ ಗಡಿಗೆ ಸಿಕ್ಕರೆ ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು, ಮುಚ್ಚಿಟ್ಟರೆ ಶಿಕ್ಷೆ ಇದೆ.

ಹೊಲ ಹೋಗುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಒಂದು ಬಿಡಿ ಕಲ್ಲು ಸಿಕ್ಕಿತು ಅಂತ ಹೊಲ ಹೋಗುವುದಿಲ್ಲ. ನಿಜವಾಗಿ ನಾವು ಭಯಪಡಬೇಕಾದದ್ದು ನಿಧಿ ಹುಡುಕುವವರ ಬಗ್ಗೆ. ನಂದಿಯ ಹೊಟ್ಟೆಯಲ್ಲಿ ಬಂಗಾರ ಇದೆ, ಲಿಂಗದ ಕೆಳಗೆ ಕೊಪ್ಪರಿಗೆ ಇದೆ ಅಂತ ರಾತ್ರೋರಾತ್ರಿ ಅಗೆದು ಒಡೆದ ಗುಡಿಗಳು ಉತ್ತರ ಕರ್ನಾಟಕದ ತುಂಬ ಇವೆ. ನಂದಿಯ ಹೊಟ್ಟೆಯಲ್ಲಿ ಇರೋದು ಕಲ್ಲೇ.

ಫೋಟೊ ತೆಗೆಯಬಹುದಾ?

ಅಲ್ಲಿನ ಸಿಬ್ಬಂದಿ ಹೇಳಿದ್ದೇ ಕೊನೆ ಮಾತು, ಒಳಗೆ ಹೋಗುವ ಮುಂಚೆ ಕೇಳಿ. ಫ್ಲಾಶ್, ಟ್ರೈಪಾಡ್, ರೀಲ್ಸ್ ಕುಣಿತ ಬೇಡ.

ಮಂಗಗಳ ಕಾಟ ಇದೆಯಾ?

ಇದೆ, ಚೆನ್ನಾಗಿಯೇ ಇದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಒಳಗೆ ತಿಂಡಿ ಇದೆ ಅಂತಲೇ ಅವುಗಳ ಲೆಕ್ಕ. ಕನ್ನಡಕ, ನೀರಿನ ಬಾಟಲಿ ಹುಷಾರು. ತಿನ್ನಲು ಕೊಡಬೇಡಿ, ಹಲ್ಲು ತೋರಿಸಿ ಹೆದರಿಸಲೂ ಹೋಗಬೇಡಿ. ಬಾಗಿಲಲ್ಲಿ ಕೋಲು ಹಿಡಿದು ಕೂತವರ ಮಾತು ಕೇಳಿ.

ಶಾಲೆ ಮಕ್ಕಳನ್ನು ಕರೆತರುತ್ತಿದ್ದೇವೆ. ಏನಾದರೂ ಸಲಹೆ?

ಒಂದೇ ಸಲ ನೂರು ಮಕ್ಕಳನ್ನು ಒಳಗೆ ಬಿಡಬೇಡಿ. ಇಪ್ಪತ್ತೈದರ ಗುಂಪು ಮಾಡಿ, ಉಳಿದವರು ಅಂಗಳದ ಶಿಲ್ಪ ನೋಡಲಿ. ಪ್ರತಿ ಗುಂಪಿಗೆ ಒಂದೊಂದು ಕೆಲಸ ಕೊಡಿ: ಇಲ್ಲಿ ಎಷ್ಟು ಪ್ರಾಣಿಗಳಿವೆ ಎಣಿಸಿ, ಒಂದು ಒಡವೆಯ ಚಿತ್ರ ಬರೆಯಿರಿ, ಕುದುರೆ ಸಿಕ್ಕಿದರೆ ಕೈ ಎತ್ತಿ. "ಶಾಂತವಾಗಿ ನೋಡಿ" ಅಂದರೆ ಯಾವ ಮಗುವೂ ನೋಡುವುದಿಲ್ಲ. ಹುಡುಕಲು ಏನಾದರೂ ಕೊಟ್ಟರೆ ಶಿಕ್ಷಕರೇ ಮಕ್ಕಳ ಹಿಂದೆ ಓಡಬೇಕಾಗುತ್ತದೆ.

ಊಟಕ್ಕೆ?

ಊರಲ್ಲಿ ಖಾನಾವಳಿಗಳಿವೆ, ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಸಿಗುತ್ತದೆ. ಸ್ವಲ್ಪ ಪುರುಸೊತ್ತು ಇದ್ದರೆ 5 ಕಿ.ಮೀ. ದೂರದ ಬನಶಂಕರಿಗೆ ಹೋಗಿ. ಗುಡಿಯ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಚಟ್ನಿ, ಗಟ್ಟಿ ಮೊಸರು ಹೊತ್ತು ತಂದು ಕೊಡುವ ಹೆಂಗಸರಿದ್ದಾರೆ. ಬನದ ಹುಣ್ಣಿಮೆಯ ಜಾತ್ರೆ ಹೊತ್ತಲ್ಲಿ ಬಂದರೆ ರಾತ್ರಿ ನಾಟಕ ಕಂಪನಿಗಳೂ ಇರುತ್ತವೆ, ಆದರೆ ರೂಮು ಸಿಗುವುದು ಕಷ್ಟ.

ಮ್ಯೂಸಿಯಂ ಆದ ಮೇಲೆ ಎಲ್ಲಿಗೆ?

ಅದೇ ದಿನ ಸಂಜೆ ಕೆರೆಯ ದಂಡೆ ಹಿಡಿದು ಭೂತನಾಥ ಗುಡಿ ತನಕ ನಡೆಯಿರಿ. ಊರೊಳಗಿನ ಜಂಬುಲಿಂಗ ಗುಡಿಯನ್ನು ಬಿಡಬೇಡಿ, 699ರಲ್ಲಿ ವಿಜಯಾದಿತ್ಯನ ತಾಯಿ ವಿನಯವತಿ ಬ್ರಹ್ಮ, ವಿಷ್ಣು, ಮಹೇಶ್ವರ ಮೂವರಿಗೂ ಸೇರಿ ಮಾಡಿಸಿದ್ದು. ಮರುದಿನ ಮಹಾಕೂಟ, ನಾಗನಾಥಕೊಳ್ಳ, ಪಟ್ಟದಕಲ್ಲು, ಸಿದ್ದನಕೊಳ್ಳ, ಐಹೊಳೆ. ಐಹೊಳೆಯಲ್ಲೂ ದುರ್ಗ ಗುಡಿಯ ಆವರಣದಲ್ಲಿ ಇದೇ ಇಲಾಖೆಯ ಮ್ಯೂಸಿಯಂ ಇದೆ. ಅದಕ್ಕೂ ಶುಕ್ರವಾರವೇ ರಜೆ, ಅದನ್ನು ನೋಡಿಕೊಂಡು ದಿನ ಗೊತ್ತು ಮಾಡಿ.